ಹೆಸರಿಗೆ ಮೊದಲು ವಿಭಕ್ತಿ ಹಚ್ಚಿ ನೋಡಿ

ಫ್ಯಾಂಟಸಿ ಬರೆಯುವ ಹೊಸಬರ ಹಸ್ತಪ್ರತಿಗಳನ್ನು ತಿದ್ದುವುದು ನನ್ನ ಕೆಲಸ. ಕಥೆ ಚೆನ್ನಾಗಿರುತ್ತದೆ, ಕಟ್ಟಿದ ಲೋಕವೂ ಚೆನ್ನಾಗಿರುತ್ತದೆ. ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ಹೆಚ್ಚಿನವರು ಎರಡೇ ದಾರಿ ಹಿಡಿಯುತ್ತಾರೆ. ಒಂದೋ ವಿಕ್ರಮಸೇನ, ವೀರಸೇನ, ವಿಜಯವರ್ಮ, ರುದ್ರವರ್ಮ. ಇಲ್ಲದಿದ್ದರೆ ಕ್ಸಾರ್ಥ್, ಝೈರಿಕ್ಸ್. ಮೊದಲ ಗುಂಪಿನಲ್ಲಿ ಯಾರು ಯಾರೆಂದು ಬೇಗ ಕಲಸಿಹೋಗುತ್ತದೆ. ಎರಡನೆಯದು ನೋಡುವುದಕ್ಕೆ ಹೊಸದು, ಆದರೆ ಕನ್ನಡ ವಾಕ್ಯದೊಳಗೆ ಕೂರುವುದಿಲ್ಲ.

ಯಾಕೆ ಕೂರುವುದಿಲ್ಲ? ಕನ್ನಡದಲ್ಲಿ ಹೆಸರು ಬರಿದೇ ನಿಲ್ಲುವುದು ಕಡಿಮೆ. ಅದಕ್ಕೆ ಹೆಚ್ಚಾಗಿ ಒಂದು ವಿಭಕ್ತಿ ಅಂಟಿಕೊಂಡಿರುತ್ತದೆ. ಕ್ಸಾರ್ಥ್‌ನಿಗೆ, ಕ್ಸಾರ್ಥ್‌ನಿಂದ, ಕ್ಸಾರ್ಥ್‌ನೊಡನೆ. ಜೋರಾಗಿ ಓದಿ ನೋಡಿ, ಮೂರು ವ್ಯಂಜನ ಒಟ್ಟಿಗೆ ಸಿಕ್ಕಿಕೊಂಡು ನಾಲಿಗೆ ತೊಡರುತ್ತದೆ. ಪುಟ ಕಟ್ಟುವಾಗ ಒಂಚೂರು ಎಡವಟ್ಟಾದರೆ ಅದು 'ಕ್ಸಾರ್ಥ್ನಿಗೆ' ಆಗಿ, ಒತ್ತಕ್ಷರದ ಗಂಟಾಗಿ ಕಾಣುತ್ತದೆ. ನಾಯಕನ ಹೆಸರು ಪುಟಪುಟಕ್ಕೂ ಬರುತ್ತದೆ, ಅಲ್ವಾ? ಅಷ್ಟು ಸಲವೂ ಓದುಗ ಮುಗ್ಗರಿಸಬೇಕು. ಅದೇ 'ಎರೆಯ' ಅಂತ ಇಟ್ಟುಕೊಳ್ಳಿ. ಎರೆಯನಿಗೆ, ಎರೆಯನಿಂದ, ಎರೆಯನ ಕತ್ತಿ. ಕಾಳಗದ ನಡುವೆ ಗೆಳೆಯ ಕೂಗಿದರೆ 'ಎರೆಯಾ!' ಹೊಸ ಹೆಸರು ಹೊಳೆದ ಕೂಡಲೇ ಎಲ್ಲ ವಿಭಕ್ತಿಗಳನ್ನೂ ಹಚ್ಚಿ ಬಾಯಿಬಿಟ್ಟು ಹೇಳಿ, ಒಮ್ಮೆ ಗಟ್ಟಿಯಾಗಿ ಕೂಗಿ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ವ್ಯಂಜನದಲ್ಲಿ ಮುಗಿಯುವ ಹೆಸರು ಬೇಡವೇ ಬೇಡ ಅಂತಲ್ಲ. ಸಮುದ್ರದಾಚೆಯಿಂದ ಬಂದ ಪರದೇಶಿಗೆ ಅದು ಒಪ್ಪುತ್ತದೆ. ಊರಿನವರ ಬಾಯಲ್ಲಿ ಮಾತ್ರ ಅದಕ್ಕೆ ಕೊನೆಯಲ್ಲೊಂದು ಉಕಾರ ಸೇರಿಕೊಳ್ಳಲಿ. ಅವನು ಹೊರಗಿನವನು ಅಂತ ಬೇರೆ ವಿವರಿಸಬೇಕಾಗಿಲ್ಲ.

ಎರೆಯ ನಾನು ಸುಮ್ನೆ ಕಟ್ಟಿದ ಹೆಸರಲ್ಲ. ಗಂಗರಲ್ಲಿ ಎರೆಯಪ್ಪ ಇದ್ದ, ಹೊಯ್ಸಳರಲ್ಲಿ ಎರೆಯಂಗ ಇದ್ದ. ಬೂತುಗ, ರಾಚಮಲ್ಲ, ನಾಗತ್ತರ, ಕಪ್ಪೆ ಅರಭಟ್ಟ, ದೇಕಬ್ಬೆ, ಅತ್ತಿಮಬ್ಬೆ: ಇವೆಲ್ಲ ನಮ್ಮ ಶಾಸನಗಳಲ್ಲಿ ಸಿಗುವ ನಿಜವಾದ ಜನರ ಹೆಸರುಗಳು. ಇವತ್ತಿನ ಕಿವಿಗೆ ಇವು ಹೊಸದಾಗಿ ಕೇಳುತ್ತವೆ. ಹಾಗಂತ ನಾಲಿಗೆಗೆ ಪರಕೀಯವಲ್ಲ. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಇಂಥವು ರಾಶಿ ರಾಶಿ ಇವೆ. ಫ್ಯಾಂಟಸಿ ಬರೆಯುವವರು ಅವನ್ನು ತೆರೆದೂ ನೋಡುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಆದರೆ ಹೆಸರನ್ನು ಹಾಗೇ ಎತ್ತಿಕೊಳ್ಳಬೇಡಿ. ಅದು ಹುಟ್ಟಿದ ರೀತಿಯನ್ನು ನೋಡಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನೇ ತೆಗೆದುಕೊಳ್ಳಿ. ಕಾಲ 949-50. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಅನ್ನುವ ವೀರ, ಮೆಚ್ಚಿದ್ದನ್ನು ಬೇಡಿಕೋ ಎಂದ ಒಡೆಯ ಬೂತುಗನಲ್ಲಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ರಾಷ್ಟ್ರಕೂಟ ದೊರೆ ಕೃಷ್ಣನನ್ನು ಅದೇ ಕಲ್ಲು 'ಕನ್ನರ' ಅಂತಲೂ ಕರೆಯುತ್ತದೆ. ಸಂಸ್ಕೃತದ ಹೆಸರು ಕನ್ನಡದವರ ಬಾಯಲ್ಲಿ ಸವೆದು ಹೀಗಾಯಿತು. ವಿಷ್ಣು ಅನ್ನುವ ಹೆಸರು 'ಬಿಟ್ಟಿ' ಆದದ್ದೂ ಹೀಗೆಯೇ. ನಿಮ್ಮ ಅರಮನೆಯ ದಾಖಲೆಯಲ್ಲಿ ಒಂದು ಹೆಸರು, ಸಂತೆಯಲ್ಲಿ ಅದರ ಸವೆದ ರೂಪ ಇದ್ದರೆ, ರಾಜ ಮತ್ತು ಜನರ ನಡುವಿನ ದೂರ ತಾನಾಗಿ ತಿಳಿಯುತ್ತದೆ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಆ ಕಲ್ಲಿನಲ್ಲಿ ಹಂದಿಯನ್ನು 'ಪಂದಿ' ಎಂದೇ ಬರೆದಿದೆ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ ಮುಂದೆ ಹಕಾರವಾಯಿತು. ಪುಲಿ ಹುಲಿಯಾಯಿತು, ಪೊನ್ನು ಹೊನ್ನಾಯಿತು. ಇದನ್ನು ನಿಮ್ಮ ಲೋಕದಲ್ಲಿ ಬಳಸಿ ನೋಡಿ. ಬೆಟ್ಟದ ಮೇಲೆ ಉಳಿದುಕೊಂಡ ಕುಲದವರು ಪೊನ್ನ, ಪುಲಿಯಬ್ಬೆ, ಪಿರಿಯ. ಎಂದೋ ಬಯಲಿಗೆ ಇಳಿದವರು ಹೊನ್ನ, ಹುಲಿಯವ್ವ, ಹಿರಿಯ. ಎರಡೂ ಒಂದೇ ಬೇರಿನವರು ಅಂತ ನೀವು ಎಲ್ಲೂ ಹೇಳದಿದ್ದರೂ ಸೂಕ್ಷ್ಮ ಓದುಗ ಕಂಡುಹಿಡಿಯುತ್ತಾನೆ. ಎರಡು ಸೇನೆಗಳು ಎದುರಾದಾಗ ಪೊನ್ನನನ್ನು ಹೊನ್ನ ಕೊಂದರೆ ಆ ಸಾವಿನ ಭಾರವೇ ಬೇರೆ.

ಬಿರುದುಗಳನ್ನು ಹಿಂಡುಹಿಂಡಾಗಿ ಸುರಿಯಬೇಡಿ. ಗಂಗರ ದಂಡನಾಯಕ ಚಾವುಂಡರಾಯನಿಗೆ ಗೋನೂರಿನ ಬಯಲಲ್ಲಿ ನೊಳಂಬರನ್ನು ಗೆದ್ದದ್ದಕ್ಕೆ 'ವೀರಮಾರ್ತಂಡ', ಉಚ್ಚಂಗಿ ಕೋಟೆಯ ಕಾಳಗಕ್ಕೆ 'ರಣರಂಗಸಿಂಗ' ಎಂಬ ಬಿರುದು ಬಂತು. ಒಂದೊಂದಕ್ಕೂ ಒಂದು ಜಾಗ, ಒಂದು ಕಾರಣ ಇದೆ.

ಕಾರಣ ಅಂದಾಗ ನಮ್ಮ ಹಳ್ಳಿಗಳ ಪದ್ಧತಿ ನೆನಪಾಗುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಸಾವಿನ ಕಣ್ಣು ಬೀಳದಿರಲಿ ಅಂತ. ಅಂಥ ಹೆಸರಿನಲ್ಲಿ ಒಬ್ಬ ತಾಯಿಯ ಕಥೆ ಇಡಿಯಾಗಿ ಇದೆ. ಅದನ್ನು ನಗೆಪಾತ್ರಕ್ಕೆ ಅಂಟಿಸಿದ ಹಸ್ತಪ್ರತಿ ಕಂಡರೆ ನಾನು ಬಿಡುವುದಿಲ್ಲ.

ರಾಜರಿಗೆಲ್ಲ ಸಂಸ್ಕೃತ, ಆಳುಗಳಿಗೂ ಕಳ್ಳರಿಗೂ ಮಾರ, ಕರಿಯ, ಮಾದ. ಇದೂ ಜಾಸ್ತಿ ಕಾಣುತ್ತದೆ. ಲೋಕ ಕಲ್ಪನೆಯದ್ದಾದರೂ ಜಾತಿಯ ಲೆಕ್ಕ ಮಾತ್ರ ಹಳೆಯದೇ. ರಾಕ್ಷಸನಿಗೆ ಗುಳಿಗ, ಪಂಜುರ್ಲಿ ಅನ್ನುವ ಹೆಸರನ್ನೂ ಒಪ್ಪುವುದಿಲ್ಲ. ಕರಾವಳಿಯ ಜನ ಇವತ್ತಿಗೂ ಕೋಲ ಕೊಟ್ಟು ನಂಬುವ ದೈವಗಳವು. ಇಂಥ ಕಡೆ ನಾನು ಲೇಖಕರನ್ನು ಕೇಳುವುದಿಷ್ಟೇ: ನಿಮ್ಮ ನಾಡಿನಲ್ಲಿ ಮಗುವಿಗೆ ಹೆಸರಿಡುವವರು ಯಾರು, ಯಾವಾಗ ಇಡುತ್ತಾರೆ, ಯಾರಿಗೆ ಯಾವ ಹೆಸರು ಇಡಬಾರದು? ಉತ್ತರ ಬಂದ ಮೇಲೆ ಹೆಸರುಗಳ ಪಟ್ಟಿಯನ್ನು ಮೊದಲಿಂದ ಮತ್ತೆ ಮಾಡಿಸುತ್ತೇನೆ.