ತಾವರೆಗೂ ಸಿಲ್ವರ್ ಓಕ್‌ಗೂ ನೆಂಟಸ್ತಿಕೆ

ಕೆರೆ ಏರಿಯ ಮೇಲೆ ನಿಂತು ನೋಡಿದರೆ ತಾವರೆ, ನೈದಿಲೆ ಎರಡೂ ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ಎರಡಕ್ಕೂ ಕೆಸರೇ ಮನೆ. ಅಗಲ ಎಲೆ, ಸುತ್ತು ಸುತ್ತಾಗಿ ಎಸಳು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸಸ್ಯವಿಜ್ಞಾನಿಗಳಾದ ಬೆಂಥಾಮ್ ಮತ್ತು ಹೂಕರ್ ಕೂಡ ಇವನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದರು.

ಈಗ ಎರಡೂ ಹೂವಿನ ಕೇಸರದಿಂದ ಚೂರು ಪರಾಗ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಡಿ. 400 ಪಟ್ಟು ಹಿಗ್ಗಿಸಿದರೆ ಸಾಕು. ತಾವರೆಯ ಕಣಕ್ಕೆ ಮೂರು ಸೀಳು. ನೈದಿಲೆಯದಕ್ಕೆ ಒಂದೇ, ಅದೂ ಉಂಗುರದಂತೆ ಸುತ್ತುವರಿದದ್ದು. ಡಬ್ಬಿಗೆ ಮುಚ್ಚಳ ಹಾಕಿದಾಗ ಸುತ್ತಲೂ ಗೆರೆ ಕಾಣುತ್ತಲ್ಲ, ಹಾಗೆ.

ಇಷ್ಟು ಸಣ್ಣ ಗೆರೆಗೆ ಇಷ್ಟೊಂದು ಬೆಲೆ ಯಾಕೆ ಅಂತ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಾರೆ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಲೇಸು. ಒಣಗಿದ ತಾವರೆಯ ಪರಾಗ ಗೋಧಿ ಕಾಳಿನಂತೆ ಉದ್ದಕ್ಕಿರುತ್ತದೆ, ಸೀಳುಗಳು ಒಳಗೆ ಮಡಚಿಕೊಂಡಿರುತ್ತವೆ. ಒಂದು ಹನಿ ನೀರು ಬಿಡಿ. ನೋಡನೋಡುತ್ತಲೇ ಸೀಳು ಬಿಚ್ಚಿಕೊಂಡು ಕಣ ಗುಂಡಗಾಗುತ್ತದೆ. ಹೂವಿನ ಶಲಾಕೆಯ ಮೇಲೆ ಕೂತಾಗ ಪರಾಗನಾಳ ಹೊರಗೆ ಬರುವುದೂ ಈ ಸೀಳಿನಿಂದಲೇ. ಅಂದರೆ ಇದು ಕಣದ ಬಾಗಿಲು. ಎಸಳಿನ ಬಣ್ಣ, ಆಕಾರಗಳು ದುಂಬಿ ಜೇನಿಗೆ ತಕ್ಕಂತೆ, ಇರುವ ಜಾಗಕ್ಕೆ ತಕ್ಕಂತೆ ಬೇಗ ಬದಲಾಗುತ್ತವೆ. ಬಾಗಿಲಿನ ಲೆಕ್ಕ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಅದಕ್ಕೇ ಗಿಡಗಳ ನೆಂಟಸ್ತಿಕೆ ಹುಡುಕಲು ಅದು ಒಳ್ಳೆಯ ಗುರುತು.

ಮೂರು ಸೀಳಿನ ಪರಾಗ ಸುಮಾರು 12.5 ಕೋಟಿ ವರ್ಷ ಹಿಂದಿನ ಕಲ್ಲುಗಳಲ್ಲೇ ಸಿಗುತ್ತದೆ. ಇವತ್ತು ಹೂ ಬಿಡುವ ಗಿಡಗಳಲ್ಲಿ ಮುಕ್ಕಾಲು ಪಾಲು ಈ ಮೂರು ಸೀಳಿನ ವಂಶದವು. ತೆಂಗು, ಅಡಿಕೆಗಳಿಗೆ ಒಂದೇ ಸೀಳು, ಅವು ಏಕದಳ. ಸರಿ, ಹಾಗಾದರೆ ಸಂಪಿಗೆ? ಬೀಜದಲ್ಲಿ ಎರಡು ದಳ, ಶಾಲೆಯ ಲೆಕ್ಕದಲ್ಲಿ ಅದು ದ್ವಿದಳ. ಪರಾಗ ನೋಡಿದರೆ ದೋಣಿಯಂತಿದೆ, ಉದ್ದಕ್ಕೆ ಒಂದೇ ಸೀಳು. ಕಾಳುಮೆಣಸಿನದೂ ಒಂದೇ. ಏಕದಳ, ದ್ವಿದಳ ಎಂಬ ಎರಡೇ ಪೆಟ್ಟಿಗೆ ಸಾಲದು ಅನ್ನುವುದು ನನಗೆ ಮೊದಲು ಮನವರಿಕೆಯಾದದ್ದು ಸಂಪಿಗೆಯ ಸ್ಲೈಡ್ ನೋಡಿದಾಗ.

ತಾವರೆಯ ವಿಷಯಕ್ಕೆ ಬರೋಣ. 1990ರ ದಶಕದಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ ಅದು ನೈದಿಲೆಯಿಂದ ಬಹಳ ದೂರ ಹೋಯಿತು. ಪರಾಗ ಮೊದಲೇ ಹೇಳಿದ್ದ ಮಾತು ಅದು. 1998ರ ಹೊಸ ವರ್ಗೀಕರಣದಲ್ಲಿ ಅದರ ಪಕ್ಕಕ್ಕೆ ಬಂದು ಕೂತದ್ದು ಯಾರ ಕುಟುಂಬ ಗೊತ್ತಾ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಡುವ ಸಿಲ್ವರ್ ಓಕ್‌ನದು! ಸಿಲ್ವರ್ ಓಕ್ ಪರಾಗ ಮುಕ್ಕೋನವಾಗಿದ್ದು, ಮೂಲೆಗೊಂದು ತೂತು ಇರುತ್ತದೆ. ಸೀಳು ಹೋಗಿ ತೂತಾಗಿದೆ, ಮೂರರ ಲೆಕ್ಕ ಉಳಿದಿದೆ.

ಎಲ್ಲ ಕಡೆ ಪರಾಗ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ರಾಗಿ, ಭತ್ತ, ಗರಿಕೆ ಎಲ್ಲಕ್ಕೂ ನುಣುಪಾದ ಗುಂಡು ಕಣ, ಒಂದೇ ತೂತು. ಹುಲ್ಲಿನ ಕುಟುಂಬ ಎಂದು ಹೇಳಬಹುದು, ಯಾವ ಹುಲ್ಲು ಎಂದು ಹೇಳುವುದು ಕಷ್ಟ. ದಾಸವಾಳ, ಬೆಂಡೆ, ಹತ್ತಿಗಳದು ಮೈತುಂಬ ಮುಳ್ಳಿನ ದಪ್ಪ ಕಣ, ನೋಡಿದ ಕೂಡಲೇ ಕುಟುಂಬ ಗೊತ್ತಾಗುತ್ತದೆ. ಕನಕಾಂಬರದ ಕುಟುಂಬದಲ್ಲಿ ಕತೆಯೇ ಬೇರೆ. ಕನಕಾಂಬರದ ಕಣ ಕಡ್ಡಿಯಂತೆ ಉದ್ದ, ಅದೇ ಕುಟುಂಬದ ಥನ್‌ಬರ್ಜಿಯಾ ಬಳ್ಳಿಯ ಕಣಕ್ಕೆ ದಾರ ಸುತ್ತಿದಂತೆ ಸುರುಳಿ ಸೀಳು. ಅದಕ್ಕೇ ಜರ್ಮನಿಯ ಸಸ್ಯವಿಜ್ಞಾನಿ ಲಿಂಡೌ 1895ರಲ್ಲೇ ಈ ಕುಟುಂಬದ ಒಳಗಿನ ಗುಂಪುಗಳನ್ನು ಪರಾಗ ನೋಡಿ ವಿಂಗಡಿಸಿದ. ನನಗೆ ಇಷ್ಟವಾದ ಕೆಲಸ ಅಂದರೆ ಈ ಕುಟುಂಬದ ಸ್ಲೈಡ್‌ಗಳೇ.

ಹೊರಕವಚದ ನವಿರು ಕೆತ್ತನೆ ನೋಡಬೇಕಾದರೆ ಕಣದ ಒಳಗಿನದನ್ನೆಲ್ಲ ಕರಗಿಸಬೇಕು. ಸ್ವೀಡನ್ನಿನ ಪರಾಗ ತಜ್ಞ ಎರ್ಟ್‌ಮನ್ ಕೊಟ್ಟ ವಿಧಾನ ಇವತ್ತಿಗೂ ನಡೆಯುತ್ತಿದೆ: ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್, ಒಂದು ಪಾಲು ಗಾಢ ಸಲ್ಫ್ಯೂರಿಕ್ ಆಮ್ಲ. ಅಂಥ ಆಮ್ಲದಲ್ಲಿ ಬೆಂದರೂ ಹೊರಕವಚ ಕರಗುವುದಿಲ್ಲ. ಆದರೆ ಈ ಮಿಶ್ರಣಕ್ಕೆ ನೀರು ಸೋಕಿದರೆ ಸಿಡಿಯುತ್ತದೆ. ಲ್ಯಾಬ್ ಬಿಟ್ಟು ಬೇರೆಲ್ಲೂ ಇದನ್ನು ಮಾಡಬೇಡಿ. ಸೀಳು ಎಣಿಸುವುದಕ್ಕೆ ಒಂದು ಹನಿ ಗ್ಲಿಸರಿನ್ ಸಾಕು.

ಒಂದೇ ಕಣ ನೋಡಿ ತೀರ್ಮಾನ ಮಾಡಬೇಡಿ, ಇಪ್ಪತ್ತಾದರೂ ನೋಡಿ. ತಾವರೆಯಲ್ಲೇ ಅಪರೂಪಕ್ಕೆ ಒಂದು ಸೀಳಿನ ಕಣ ಸಿಗುತ್ತದೆ. ಅರಳಿದ ಹೂವಿನಿಂದ ಪರಾಗ ತೆಗೆಯಲೂಬೇಡಿ. ಹಿಂದೊಮ್ಮೆ ನನ್ನ ಸಂಪಿಗೆ ಸ್ಲೈಡಿನಲ್ಲಿ ಮೂರು ಸೀಳಿನ ಕಣಗಳು ಸಿಕ್ಕಿ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಬೇರೆ ಹೂವಿಗೆ ಹೋಗಿ ಬಂದ ಯಾವುದೋ ಹುಳ ಬಿಟ್ಟು ಹೋದ ಕಣಗಳವು. ಅಂದಿನಿಂದ ನಾಳೆ ಅರಳಲಿರುವ ಮೊಗ್ಗನ್ನೇ ಕಿತ್ತು, ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ಗಿಡದ ಹೆಸರು, ತಾರೀಕು, ಜಾಗ ಬರೆದುಕೊಂಡು ಬರುತ್ತೇನೆ.