ಇರುಳಲ್ಲಿ ಅರಳುವ ಕಳ್ಳಿಯ ಗುರುತು

ರಾತ್ರಿ ಅರಳಿದ ದೊಡ್ಡ ಬಿಳಿ ಹೂವಿನ ಚಿತ್ರ ಕಳುಹಿಸಿ ‘ಇದು ಯಾವ ಕಳ್ಳಿ?’ ಎಂದು ಕೇಳುವವರಿಗೆ ನನ್ನ ಮೊದಲ ಪ್ರಶ್ನೆ, ಕಾಂಡದ ಚಿತ್ರವಿದೆಯೇ ಎಂಬುದು. ಪತಂಗ, ಬಾವಲಿಗಳನ್ನು ಕತ್ತಲಲ್ಲಿ ಸೆಳೆಯಬೇಕಾದ ಈ ಹೂಗಳು ಎದುರಿನಿಂದ ನೋಡಿದರೆ ಬಹುಮಟ್ಟಿಗೆ ಒಂದೇ ತೆರನಾಗಿ ಕಾಣುತ್ತವೆ. ಕುಲ ಬೇರೆಯಾದರೂ ಮುಖ ಅದೇ.

ಗಿಡ ನಿಜಕ್ಕೂ ಕ್ಯಾಕ್ಟಸ್ ಕುಟುಂಬದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮುಳ್ಳು, ಹೂಗಳು ಹೊರಡುವ, ‘ಅರಿಯೋಲ್’ ಎನ್ನುವ ಸಣ್ಣ ದಿಂಬಿನಂಥ ಚುಕ್ಕೆ ಈ ಕುಟುಂಬಕ್ಕೆ ಮಾತ್ರ ಸೇರಿದ್ದು. ಯುಫೋರ್ಬಿಯಾ ಜಾತಿಯ ಹಾಲುಗಳ್ಳಿಗಳಲ್ಲಿ ಅದಿರುವುದಿಲ್ಲ. ಹಾಲು ಬರುತ್ತದೆಯೇ ಎಂದು ಗಿಡವನ್ನು ಗೀರಿ ನೋಡುವ ಅಗತ್ಯವಿಲ್ಲ, ಏಕೆಂದರೆ ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುತ್ತದೆ.

ಕಾಂಡ ಎಲೆಯಂತೆ ಚಪ್ಪಟೆಯಾಗಿದ್ದು, ಅಂಚು ಅಲೆಯಲೆಯಾಗಿ, ಮುಳ್ಳಿಲ್ಲದೆ, ಅಂಚಿನ ಕಚ್ಚಿನಿಂದಲೇ ಮೊಗ್ಗು ಹೊರಟಿದ್ದರೆ ಅದು ಬಹುಶಃ ಎಪಿಫಿಲಮ್ ಆಕ್ಸಿಪೆಟಲಮ್, ಅಂದರೆ ನಾವು ಬ್ರಹ್ಮಕಮಲವೆಂದು ಕರೆಯುವ ಗಿಡ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಬೇರೆಯೇ ಸಸ್ಯ. ಮೂರು ಏಣುಗಳ ದಪ್ಪ ಕಾಂಡ ಹಬ್ಬಿಕೊಂಡಿದ್ದರೆ ಡ್ರ್ಯಾಗನ್ ಹಣ್ಣಿನ ಬಳ್ಳಿ. ಹೈಲೋಸೀರಿಯಸ್ ಎಂಬ ಅದರ ಕುಲವನ್ನು 2017ರಲ್ಲಿ ಸೆಲೆನಿಸೀರಿಯಸ್‌ಗೆ ಸೇರಿಸಿದ್ದರಿಂದ ಎರಡೂ ಹೆಸರುಗಳು ಬಳಕೆಯಲ್ಲಿವೆ. ಐದರಿಂದ ಎಂಟು ಏಣುಗಳ, ಬೆರಳುಗಾತ್ರದ, ಹಾವಿನಂತೆ ಹರಿಯುವ ಕಾಂಡ ಸೆಲೆನಿಸೀರಿಯಸ್ ಗ್ರಾಂಡಿಫ್ಲೋರಸ್‌ನತ್ತ ಬೆರಳು ತೋರಿಸುತ್ತದೆ. ನೆಟ್ಟಗೆ ಕಂಬದಂತೆ ಬೆಳೆದಿದ್ದರೆ ಸೀರಿಯಸ್ ಕುಲವನ್ನು ಮೊದಲು ಪರಿಶೀಲಿಸುತ್ತೇನೆ.

ಆದರೆ ನಾನು ಹೆಚ್ಚು ನಂಬುವುದು ಹೂವಿನ ಹಿಂಬದಿಯ ಕೊಳವೆಯನ್ನು. ಸೀರಿಯಸ್‌ನಲ್ಲಿ ಅದು ಬಹುತೇಕ ನುಣುಪು. ಡ್ರ್ಯಾಗನ್ ಹಣ್ಣಿನ ಹೂವಿನಲ್ಲಿ ಅಗಲವಾದ ಹಸಿರು ಹುರುಪೆಗಳು ಒಂದರ ಮೇಲೊಂದು ಕೂತಿರುತ್ತವೆ, ಹಣ್ಣಿನ ಮೇಲೆ ಮುಂದೆ ಕಾಣುವ ‘ರೆಕ್ಕೆ’ಗಳೂ ಅವೇ. ಗ್ರಾಂಡಿಫ್ಲೋರಸ್‌ನ ಕೊಳವೆಗೆ ರೋಮ ಮತ್ತು ಸಣ್ಣ ಮುಳ್ಳುಗಳ ಹೊದಿಕೆ. ಗುಂಡಗಿನ ಎಕಿನೋಪ್ಸಿಸ್ ಗಿಡದ ಉದ್ದನೆಯ ಕೊಳವೆಯೂ ರೋಮಭರಿತವೇ. ಅಲ್ಲಿ ಕಾಂಡ ನೋಡಿದರೆ ಅನುಮಾನ ಉಳಿಯುವುದಿಲ್ಲ. ಈ ಲಕ್ಷಣಗಳು ಬಾಡಿದ ಹೂವಿನಲ್ಲೂ ಉಳಿಯುವುದರಿಂದ, ಅರಳಿದ ಗಳಿಗೆ ತಪ್ಪಿಹೋಯಿತೆಂದು ಬೆಳಿಗ್ಗೆ ಜೋತುಬಿದ್ದ ಹೂವನ್ನು ದಯವಿಟ್ಟು ಎಸೆಯಬೇಡಿ.

ಎಳೆಯ ಗಿಡಗಳ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಚಪ್ಪಟೆ ಕಾಂಡದ ಎಪಿಫಿಲಮ್ ಕೂಡ ಬೀಜದಿಂದ ಹುಟ್ಟಿದಾಗ ಏಣು, ಬಿರುಗೂದಲುಗಳನ್ನು ಹೊತ್ತಿರುತ್ತದೆ. ಮೀನಿನ ಮುಳ್ಳಿನಾಕಾರದ ಕಾಂಡವುಳ್ಳ ಸೆಲೆನಿಸೀರಿಯಸ್ ಆಂತೋನಿಯಾನಸ್ ಮತ್ತು ಡಿಸೊಕ್ಯಾಕ್ಟಸ್ ಆಂಗ್ಯುಲಿಗರ್ ಅನ್ನು ಹೂವಿಲ್ಲದೆ ಬೇರ್ಪಡಿಸುವುದು ಕಷ್ಟ. ಮೊದಲನೆಯದರ ಹೊರದಳಗಳಲ್ಲಿ ಕೆನ್ನೇರಳೆ ಛಾಯೆ, ಎರಡನೆಯದರಲ್ಲಿ ಹಳದಿ. ಅಂಥ ಗಿಡದ ಕುಂಡಕ್ಕೆ ಹೂ ಬಿಡುವವರೆಗೂ ನಾನು ಹೆಸರಿನ ಚೀಟಿ ಹಚ್ಚುವುದಿಲ್ಲ.