ರೋಲ್‌ಪ್ಲೇ: ಮೊದಲ ಪಾತ್ರ ಕಟ್ಟುವವರಿಗೆ ಒಂದು ಪದ ಪರಿಚಯ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಣ ಬನ್ನಿ ಎಂದು ಹೊಸಬರನ್ನು ಕರೆದಾಗಲೆಲ್ಲ ನನಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಅಯ್ಯೋ, ನಂಗೆ ಆಕ್ಟಿಂಗ್ ಎಲ್ಲಾ ಬರಲ್ಲ." ನಿಯಮ ಕಷ್ಟ ಎಂದು ಹಿಂದೆ ಸರಿದವರು ಕಡಿಮೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಉರುಳಿಸುತ್ತ ಒಟ್ಟಿಗೆ ಕತೆ ಕಟ್ಟುವ ಆಟ ಇದು. ಇದರಲ್ಲಿ ಬರುವ ರೋಲ್‌ಪ್ಲೇ ಎಂಬ ಒಂದು ಪದಕ್ಕೆ ಹೆದರಿ ಹಿಂದೆ ಸರಿದವರೇ ಜಾಸ್ತಿ. ದನಿ ಬದಲಿಸಬೇಕು, ಡೈಲಾಗ್ ಹೊಡೆಯಬೇಕು, ನಾಲ್ಕು ಜನರೆದುರು ನಾಟಕ ಮಾಡಬೇಕು ಎಂದೆಲ್ಲ ಅವರು ಎಣಿಸಿಕೊಂಡಿರುತ್ತಾರೆ. ಆ ಎಣಿಕೆ ತಪ್ಪು. ಆ ತಪ್ಪಿನಿಂದಾಗಿ ಒಳ್ಳೆಯ ಆಟಗಾರರಾಗಬಹುದಾಗಿದ್ದ ಎಷ್ಟೋ ಮಂದಿ ಮೇಜಿನ ಹತ್ತಿರವೇ ಬರುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈ ಆಟದಲ್ಲಿ ರೋಲ್‌ಪ್ಲೇ ಎಂದರೆ ನಿಮ್ಮ ಪಾತ್ರದ ಜಾಗದಲ್ಲಿ ನಿಂತು ತೀರ್ಮಾನ ಮಾಡುವುದು. ಆ ಪಾತ್ರಕ್ಕೆ ಏನು ಗೊತ್ತಿದೆ, ಏನು ಬೇಕು, ಯಾವುದೆಂದರೆ ಭಯ, ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು "ಈಗ ಇವಳು ಏನು ಮಾಡ್ತಾಳೆ?" ಎಂಬ ಪ್ರಶ್ನೆಗೆ ಉತ್ತರ ಕೊಡುವುದು. ಉತ್ತರವನ್ನು "ನಾನು ಬಾಗಿಲು ತೆಗೀತೀನಿ" ಎಂದು ಉತ್ತಮ ಪುರುಷದಲ್ಲಿ ಹೇಳಿ, "ಅವಳು ಬಾಗಿಲು ತೆಗೆಯುತ್ತಾಳೆ" ಎಂದು ಪ್ರಥಮ ಪುರುಷದಲ್ಲಿ ಹೇಳಿ, ಎರಡೂ ರೋಲ್‌ಪ್ಲೇ ಆಗುತ್ತದೆ. ದನಿ ಬದಲಿಸುವುದು ಬಂದರೆ ಸಂತೋಷ, ಬಾರದಿದ್ದರೆ ಏನೂ ಕೊರತೆಯಾಗದು.

ರೋಲ್ ಎಂಬ ಮಾತು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ನಟನ ಪಾಲಿನ ಮಾತುಗಳನ್ನು ಬರೆದುಕೊಡುತ್ತಿದ್ದ ಕಾಗದದ ಸುರುಳಿಗೆ ಆ ಹೆಸರಿತ್ತು. ಕನ್ನಡದಲ್ಲಿ ಇದನ್ನು ಪಾತ್ರಾಭಿನಯ ಎಂದು ಬರೆಯುವವರಿದ್ದಾರೆ. ಆದರೆ ಅಭಿನಯ ಎಂದ ಕೂಡಲೇ ಮತ್ತೆ ಅದೇ ಹೆದರಿಕೆ ಬಂದು ಕೂರುತ್ತದೆ. ಬರೀ ಪಾತ್ರ ಎಂಬ ಪದವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ನಮ್ಮಲ್ಲಿ ಹೊಳೆಗೂ ಪಾತ್ರವಿದೆ. ನೀರು ಎಲ್ಲಿಂದ ಎಷ್ಟು ಬರುತ್ತದೆ ಎಂಬುದು ನದೀಪಾತ್ರದ ಕೈಯಲ್ಲಿಲ್ಲ, ಬಂದ ನೀರು ಯಾವ ಕಡೆ ತಿರುಗಬೇಕು ಎಂಬುದು ಅದರ ಕೈಯಲ್ಲಿದೆ. ಆಟದ ಪಾತ್ರವೂ ಹಾಗೆಯೇ. ಕತೆಯ ನೀರು ಮೇಜಿನ ಸುತ್ತ ಕೂತವರೆಲ್ಲರಿಂದ ಬರುತ್ತದೆ, ನೀವು ಮೊದಲೇ ತೋಡಿಡಬೇಕಾದದ್ದು ಇಳಿಜಾರನ್ನು ಮಾತ್ರ.

ಈ ಅರ್ಥ ಬಂದ ದಾರಿಯೂ ಅಭಿನಯದ ದಾರಿಯಲ್ಲ. ಅಮೆರಿಕದ ಮಧ್ಯಪಶ್ಚಿಮದಲ್ಲಿ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಯುದ್ಧದ ಆಟ ಆಡುವ ಹವ್ಯಾಸಿಗಳ ಗುಂಪುಗಳಿದ್ದವು. ಆಗ ಒಬ್ಬ ಆಟಗಾರನ ಕೈಯಲ್ಲಿ ಇಡೀ ಪಡೆ ಇರುತ್ತಿತ್ತು. 1960ರ ದಶಕದ ಕೊನೆಯಲ್ಲಿ ಮಿನೆಸೋಟದ ಡೇವಿಡ್ ವೆಸ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಊರನ್ನಿಟ್ಟುಕೊಂಡು ಒಂದು ಆಟ ಕಟ್ಟಿದರು. ಅದರಲ್ಲಿ ಆಟಗಾರರಿಗೆ ಪಡೆಯ ಬದಲು ಒಬ್ಬೊಬ್ಬ ವ್ಯಕ್ತಿಯನ್ನು ಕೊಟ್ಟರು: ಊರಿನ ಮೇಯರ್ ಒಬ್ಬರ ಪಾಲಿಗೆ, ವಿಶ್ವವಿದ್ಯಾಲಯದ ಮುಖ್ಯಸ್ಥ ಇನ್ನೊಬ್ಬರ ಪಾಲಿಗೆ. ಅದನ್ನಾಡಿದ್ದ ಡೇವ್ ಆರ್ನೆಸನ್ ಅದೇ ಜಾಡಿನಲ್ಲಿ ಬ್ಲ್ಯಾಕ್‌ಮೂರ್ ಎಂಬ ತಮ್ಮದೇ ಲೋಕ ಶುರುಮಾಡಿದರು. ಅವರೂ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದರು. ಆ ಮೊದಲ ಪೆಟ್ಟಿಗೆಯ ಉಪಶೀರ್ಷಿಕೆಯಲ್ಲಿ ರೋಲ್‌ಪ್ಲೇ ಎಂಬ ಪದವೇ ಇಲ್ಲ, ಯುದ್ಧದಾಟದ ನಿಯಮಗಳು ಎಂದೇ ಇದೆ. ಒಂದು ಪಡೆಯ ಬದಲು ಒಂದು ಜೀವವನ್ನು ಕೈಗೆ ಕೊಟ್ಟಾಗ ಆಡುವವರ ಮನಸ್ಸಿನಲ್ಲಿ ಏನಾಯಿತೋ ಅದಕ್ಕೆ ಈ ಹೆಸರು ಆಮೇಲೆ ಅಂಟಿಕೊಂಡಿತು.

ಕರಾವಳಿ, ಮಲೆನಾಡಿನವರಿಗಾದರೆ ತಾಳಮದ್ದಳೆ ಎಂದರೆ ಅರ್ಧ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಶಾಲಿನಲ್ಲೇ ಕೂತ ಅರ್ಥಧಾರಿ ಕರ್ಣನ ಮಾತನ್ನು ಆ ಕ್ಷಣಕ್ಕೆ ಹೊಳೆದಂತೆ ಕಟ್ಟುತ್ತಾನೆ. ಭಾಗವತರ ಪದ್ಯ ದಾರಿ ತೋರಿಸುತ್ತದೆ. ನಮ್ಮ ಮೇಜಿನಲ್ಲಿ ಆ ಜಾಗ ಆಟ ನಡೆಸಿಕೊಡುವ ಡಂಜನ್ ಮಾಸ್ಟರ್ ಅಂದರೆ ಡಿಎಂ ಅವರದು. ವ್ಯತ್ಯಾಸ ಇಷ್ಟೇ: ಕರ್ಣ ಕೊನೆಗೆ ಬೀಳುತ್ತಾನೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು, ಇಲ್ಲಿ ಅದನ್ನು 20 ಮುಖದ ದಾಳ ಹೇಳಬೇಕು.

ಈಗ ಪಾತ್ರ ಕಟ್ಟುವ ವಿಷಯ. ನನ್ನ ಮೊದಲ ಪಾತ್ರ ಒಬ್ಬ ಎಲ್ಫ್, ಅಂದರೆ ಚೂಪು ಕಿವಿಯ ಕಲ್ಪಿತ ಜನಾಂಗದವನು. ಅವನಿಗೆ ನಾಲ್ಕು ಪುಟದ ಬ್ಯಾಕ್‌ಸ್ಟೋರಿ, ಅಂದರೆ ಹಿನ್ನೆಲೆ ಕತೆ, ಬರೆದಿದ್ದೆ: ಸುಟ್ಟುಹೋದ ಊರು, ಸತ್ತ ತಂದೆತಾಯಿ, ಯಾರನ್ನೂ ನಂಬದ, ಯಾರೊಡನೆಯೂ ಮಾತಾಡದ ಮೌನಿ. ಮೂರು ವಾರ ಆಡಿದೆವು. ಆ ನಾಲ್ಕು ಪುಟದಲ್ಲಿ ಒಂದು ಸಾಲೂ ಮೇಜಿಗೆ ಬರಲಿಲ್ಲ. ಮಾತಾಡದವನ ನೋವು ಉಳಿದವರಿಗೆ ಗೊತ್ತಾಗುವುದಾದರೂ ಹೇಗೆ? ಹೊಸಬರು ಕಟ್ಟುವ ಪಾತ್ರಗಳಲ್ಲಿ ಈ ಒಂಟಿ ಅನಾಥ ಎಷ್ಟು ಸಲ ಬರುತ್ತಾನೆಂದರೆ, ನಾನೀಗ ಅವನನ್ನು ಕಂಡ ಕೂಡಲೇ ಆಟಗಾರರನ್ನು ಪಕ್ಕಕ್ಕೆ ಕರೆದು ಮಾತಾಡುತ್ತೇನೆ. ಉದ್ದದ ಬ್ಯಾಕ್‌ಸ್ಟೋರಿಗೆ ಇನ್ನೊಂದು ತೊಡಕೂ ಇದೆ. ಮೊದಲ ಲೆವೆಲ್‌ನ, ಅಂದರೆ ಆರಂಭದ ಹಂತದ ವಿಜರ್ಡ್‌ಗೆ (ಮಾಂತ್ರಿಕನಿಗೆ) ಜೀವದ ಅಂಕ ಅಂದರೆ ಹಿಟ್ ಪಾಯಿಂಟ್ 6, ಅದರ ಮೇಲೆ ದೇಹದಾರ್ಢ್ಯಕ್ಕೆ ಒಂದೋ ಎರಡೋ. ಲಾಂಗ್‌ಸೋರ್ಡ್ ಎಂಬ ಕತ್ತಿಯ ಒಂದೇ ಏಟು 8 ಅಥವಾ ಅದಕ್ಕೂ ಹೆಚ್ಚು ಕಳೆಯಬಹುದು. ಮೂರು ರಾಜ್ಯಗಳನ್ನು ಉಳಿಸಿದ ಮಹಾಮಾಂತ್ರಿಕ ಎಂದು ಬರೆದುಕೊಂಡು ಬಂದವನು ಮೊದಲ ದಿನವೇ ಒಬ್ಬ ಸಾಧಾರಣ ದರೋಡೆಕೋರನ ಕೈಯಲ್ಲಿ ನೆಲಕ್ಕುರುಳಿದರೆ ಬರೆದದ್ದೂ ಸುಳ್ಳಾಗುತ್ತದೆ, ಆಡುವವರಿಗೂ ಬೇಜಾರು.

ಎರಡನೇ ಪಾತ್ರವನ್ನು ಬೇರೆ ಥರ ಕಟ್ಟಿದೆ. ಹೆಸರು ಹೆಲ್ಡಾ. ಡ್ವಾರ್ಫ್ ಎಂಬ ಕುಳ್ಳ ಜನಾಂಗದ ಹೆಂಗಸು, ಕ್ಲಾಸ್ ಅಂದರೆ ವೃತ್ತಿ ಕ್ಲೆರಿಕ್, ದೇವರ ಬಲದಿಂದ ಮಂತ್ರ ಹಾಕುವವಳು. ಹೊಳೆ ದಂಡೆಯ ಗುಡಿಯೊಂದರಲ್ಲಿ ಗಂಟೆ ಬಾರಿಸುವ ಕೆಲಸದಲ್ಲಿದ್ದವಳು. ನೆರೆ ಬಂದ ರಾತ್ರಿ ಬಾಗಿಲು ತೆಗೆಯಕೂಡದು ಎಂದು ಹಿರಿಯ ಪೂಜಾರಿಯ ಅಪ್ಪಣೆಯಿತ್ತು. ಯಾರೋ ಬಾಗಿಲು ಬಡಿದರು. ಇವಳು ತೆಗೆಯಲಿಲ್ಲ. ಬೆಳಗ್ಗೆ ಮೆಟ್ಟಿಲ ಮೇಲೆ ಒಂದು ಕಾಲಿನ ಚಪ್ಪಲಿ ಇತ್ತು. ಅಷ್ಟೇ ಬ್ಯಾಕ್‌ಸ್ಟೋರಿ. ಅವಳಿಗೆ ಬೇಕಾದದ್ದು: ಆ ಚಪ್ಪಲಿ ಯಾರದೆಂದು ತಿಳಿಯಬೇಕು. ಅವಳಿಗೆ ಆಗದ್ದು: ಬಾಗಿಲ ಆಚೆ ಯಾರಾದರೂ ಕೂಗುತ್ತಿದ್ದರೆ ಸುಮ್ಮನೆ ಕೂರುವುದು. ಮೂರನೆಯದು ನಂಟು, ಮತ್ತು ಅದನ್ನು ನಾನೊಬ್ಬನೇ ಬರೆಯಲಿಲ್ಲ. ಫಿನ್ ಎಂಬ ರೋಗ್, ಅಂದರೆ ಕಳ್ಳಚಳಕದ ಪಾತ್ರ ಆಡುತ್ತಿದ್ದ ಗೆಳೆಯ ಕತೆ ಕೇಳಿ, "ಆ ರಾತ್ರಿ ಫಿನ್ ಗುಡಿಯ ಒಳಗಿದ್ದ ಅಂತ ಇಟ್ಕೊಳ್ಳೋಣ" ಎಂದ. ಮುಚ್ಚಿದ ಬಾಗಿಲಿನಿಂದ ಜೀವ ಉಳಿಸಿಕೊಂಡವನು ಅವನು. ಈ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

2014ರ ಐದನೇ ಆವೃತ್ತಿಯ ಆಟಗಾರರ ಕೈಪಿಡಿ ಇದಕ್ಕಾಗಿಯೇ ಪಾತ್ರದ ವಿವರ ಬರೆಯುವ ಹಾಳೆಯಾದ ಕ್ಯಾರೆಕ್ಟರ್ ಶೀಟ್‌ನಲ್ಲಿ ನಾಲ್ಕು ಚೌಕಗಳನ್ನು ಕೊಟ್ಟಿತ್ತು: ಸ್ವಭಾವ, ಆದರ್ಶ, ನಂಟು, ದೌರ್ಬಲ್ಯ. 2024ರ ಪರಿಷ್ಕೃತ ಕೈಪಿಡಿಯಲ್ಲಿ ಆ ಪಟ್ಟಿಗಳನ್ನು ಕೈಬಿಟ್ಟಿದ್ದಾರೆ. ಹೊಸಬರ ಮಟ್ಟಿಗೆ ಅದು ನಷ್ಟವೆಂದೇ ನನ್ನ ಅನಿಸಿಕೆ. ಹೊಸ ಪುಸ್ತಕ ಇಟ್ಟುಕೊಂಡು ಆಡುವವರೂ ನಂಟು, ದೌರ್ಬಲ್ಯ ಎರಡನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಲಿ.

ಅಂಕಗಳೂ ಪಾತ್ರದ ಭಾಗವೇ. ಆರು ಸಾಮರ್ಥ್ಯಗಳಿಗೆ ಹಂಚಲು ಸಿದ್ಧವಾಗಿ ಸಿಗುವ ಸಂಖ್ಯೆಗಳು 15, 14, 13, 12, 10, 8. ಹೆಲ್ಡಾಳ ವಿಸ್ಡಮ್‌ಗೆ (ವಿವೇಕಕ್ಕೆ) 15 ಇಟ್ಟೆ, ನಿಯಮದಂತೆ ಮೇಲೆ ಸಿಕ್ಕ 1 ಸೇರಿ 16 ಆಯಿತು. 8 ಹೋದದ್ದು ಇಂಟೆಲಿಜೆನ್ಸ್‌ಗೆ (ಬುದ್ಧಿಗೆ). 8 ಇದ್ದರೆ ದಾಳದಿಂದ 1 ಕಳೆಯಬೇಕು. ಇದನ್ನು ಕಂಡು ಪಾತ್ರವನ್ನು ಪೆದ್ದಾಗಿ ಆಡುವವರಿದ್ದಾರೆ. ನಾನು ಹೆಲ್ಡಾಳಿಗೆ ಓದಿದ್ದು ನೆನಪಿರುವುದಿಲ್ಲ, ಮುಖ ಮತ್ತು ದನಿ ಮಾತ್ರ ಮರೆಯುವುದಿಲ್ಲ ಎಂದು ತೀರ್ಮಾನಿಸಿದೆ. ಕಡಿಮೆ ಅಂಕಕ್ಕೂ ಹೆಚ್ಚು ಅಂಕಕ್ಕೂ ಒಬ್ಬಳಲ್ಲೇ ಜಾಗ ಸಿಕ್ಕಿತು.

ಇಷ್ಟು ಕಟ್ಟಿದ ಪಾತ್ರ ಮೇಜಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ರಾತ್ರಿಯ ಆಟ ಹೇಳುತ್ತೇನೆ. ಪಾಳುಬಿದ್ದ ಕಾವಲು ಗೋಪುರದಲ್ಲಿ ನಾವು ನಾಲ್ವರು ತಂಗಿದ್ದೆವು. ಹೊರಗೆ ಮಳೆ. ಇಬ್ಬರಿಗೆ ಗಾಯ. ಡಿಎಂ ಮೇಜನ್ನು ಮೂರು ಸಲ ಬೆರಳಿನಿಂದ ಬಡಿದು, "ಕಾಪಾಡಿ ಅಂತ ಒಂದು ದನಿ ಕೇಳ್ತಿದೆ" ಎಂದರು. ದನಿ ನಿಜವೋ ಮೋಸವೋ ತಿಳಿಯಲು ಇನ್‌ಸೈಟ್ ಪರೀಕ್ಷೆ, ಮುಟ್ಟಬೇಕಾದ ಸಂಖ್ಯೆ 15. ದಾಳ ಉರುಳಿಸಿದೆ, 6 ಬಿತ್ತು. ವಿಸ್ಡಮ್ 16 ಇದ್ದರೆ ದಾಳಕ್ಕೆ ಸೇರುವ 3, ಪರಿಣತಿಯಿಂದ 2, ಒಟ್ಟು 11. ಏನೂ ತಿಳಿಯಲಿಲ್ಲ.

ಆಟ ಗೆಲ್ಲುವ ಲೆಕ್ಕದಲ್ಲಿ ಸರಿಯಾದ ಉತ್ತರ ಒಂದೇ: ಬಾಗಿಲು ತೆಗೆಯಬಾರದು. ಕುರ್ಚಿಯಲ್ಲಿ ಕೂತ ನನಗೂ ಹಾಗೇ ಅನ್ನಿಸಿತು. ಇದರಲ್ಲಿ ಏನೋ ಕುತಂತ್ರವಿದೆ ಎಂದು ಡಿಎಂ ಮುಖ ನೋಡಿದರೇ ಅನುಮಾನ ಬರುತ್ತಿತ್ತು. ಆದರೆ ಆ ಮುಖ ಹೆಲ್ಡಾಳಿಗೆ ಕಾಣುವುದಿಲ್ಲ. ಅವಳಿಗೆ ಕೇಳಿಸುತ್ತಿರುವುದು ಬಾಗಿಲ ಬಡಿತ ಮಾತ್ರ. ಫಿನ್ ಹೇಳಿದ, "ಹೆಲ್ಡಾ, ತೆಗೀಬೇಡ." ಆವತ್ತಿನ ರಾತ್ರಿ ಗುಡಿಯೊಳಗೆ ಇದೇ ಮಾತು ಹೇಳಿದ್ದು ತಾನೇ ಎಂಬುದನ್ನು ಗೆಳೆಯ ಆ ಕ್ಷಣದಲ್ಲಿ ಕಟ್ಟಿ ಸೇರಿಸಿದ. ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಮಾಮೂಲು ದನಿಯಲ್ಲೇ ಹೇಳಿದೆ: "ಹೆಲ್ಡಾ ಎದ್ದು ಹೋಗಿ ಅಗುಳಿಯ ಮೇಲೆ ಕೈ ಇಡ್ತಾಳೆ. ಇನ್ನೂ ಎಳೆದಿಲ್ಲ. ತಡೆಯೋರು ತಡೀಬಹುದು, ಪಕ್ಕದಲ್ಲಿ ನಿಲ್ಲೋರು ನಿಲ್ಲಬಹುದು."

"ಇನ್ನೂ ಎಳೆದಿಲ್ಲ" ಎಂಬ ಆ ಎರಡು ಪದಗಳನ್ನು ಹೊಸಬರು ಕಲಿಯಲೇಬೇಕು. ಹೆಲ್ಡಾ ಬಾಗಿಲು ತೆಗೆದೇಬಿಟ್ಟಳು ಎಂದು ನಾನು ಘೋಷಿಸಿದ್ದರೆ ಅದೂ ಅವಳ ಸ್ವಭಾವಕ್ಕೆ ಒಪ್ಪುತ್ತಿತ್ತು. ಆದರೆ ಉಳಿದ ಮೂವರ ಪಾತ್ರಗಳ ಜೀವವನ್ನು ನಾನೊಬ್ಬನೇ ಪಣಕ್ಕಿಟ್ಟಂತಾಗುತ್ತಿತ್ತು. "ನನ್ನ ಪಾತ್ರ ಹಾಗೇ ಮಾಡೋದು, ನಾನೇನು ಮಾಡಲಿ" ಎನ್ನುತ್ತ ಗೆಳೆಯರ ಪಾತ್ರಗಳ ಚೀಲ ಕದಿಯುವವರನ್ನು, ಸಂಧಾನದ ನಡುವೆ ಕತ್ತಿ ಎತ್ತುವವರನ್ನು ಕಂಡಿದ್ದೇನೆ. ಆ ಪಾತ್ರ ತಾನಾಗಿ ಹುಟ್ಟಿ ಬಂದದ್ದಲ್ಲ, ಅವರೇ ಕಟ್ಟಿದ್ದು. ಹಾಗೆ ಮಾಡುವ ಪಾತ್ರವನ್ನು ಕಟ್ಟಿದ ಹೊಣೆಯೂ ಅವರದೇ. ರೋಲ್‌ಪ್ಲೇ ಚೆನ್ನಾಗಿ ಆದಾಗ ನಿಮ್ಮ ಪಾತ್ರದ ದೌರ್ಬಲ್ಯ ಪಕ್ಕದವರಿಗೆ ಆಡಲು ಏನಾದರೂ ಕೊಡುತ್ತದೆ. ಫಿನ್ ಎದ್ದು ಬಂದು ಚೂರಿ ಹಿಡಿದು ಬಾಗಿಲ ಮರೆಯಲ್ಲಿ ನಿಂತ. "ಈಗ ತೆಗಿ" ಎಂದ. ಡಿಎಂ ನಮ್ಮಿಬ್ಬರಿಗೂ ಇನ್‌ಸ್ಪಿರೇಶನ್ ಕೊಟ್ಟರು. 2014ರ ನಿಯಮದಂತೆ ಅದನ್ನು ಬಳಸಿದರೆ 20 ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಪಾತ್ರಕ್ಕೆ ನಿಷ್ಠರಾಗಿ ಆಡಿದವರಿಗೆ ನಿಯಮವೇ ಕೊಡುವ ಮೆಚ್ಚುಗೆ ಅದು.

ಇಂಥ ಆಟಕ್ಕೆ ಮೊದಲೇ ಒಂದು ಮಾತುಕತೆ ಬೇಕು. ಸೆಷನ್ ಜೀರೋ ಎನ್ನುವುದು ಅದಕ್ಕೇ: ದಾಳ ಮುಟ್ಟುವ ಮುಂಚೆ ಎಲ್ಲರೂ ಕೂತು ಯಾವ ಬಗೆಯ ಕತೆ ಬೇಕು, ಯಾವ ವಿಷಯ ಬೇಡವೇ ಬೇಡ, ಯಾರಿಗೆ ಯಾರು ಹೇಗೆ ಪರಿಚಯ ಎಂದು ಮಾತಾಡಿಕೊಳ್ಳುವುದು. ಕೆಲವರು ಮೇಜಿನ ನಡುವೆ ಎಕ್ಸ್ ಎಂದು ಬರೆದ ಚೀಟಿ ಇಡುತ್ತಾರೆ. ಯಾರಾದರೂ ಅದನ್ನು ಮುಟ್ಟಿದರೆ, ಕಾರಣ ಕೇಳದೆ ಆ ದೃಶ್ಯವನ್ನು ಅಲ್ಲಿಗೇ ಬಿಡಬೇಕು. ನೆರೆಯಲ್ಲಿ ಮನೆಯವರನ್ನು ಕಳೆದುಕೊಂಡ ಯಾರಾದರೂ ನಮ್ಮ ಗುಂಪಿನಲ್ಲಿದ್ದಿದ್ದರೆ ಹೆಲ್ಡಾಳ ಕತೆಯನ್ನೇ ನಾನು ಬದಲಿಸಬೇಕಿತ್ತು, ಸಂತೋಷದಿಂದ ಬದಲಿಸುತ್ತಿದ್ದೆ.

ಖಾಲಿ ಬಿಟ್ಟ ಜಾಗಗಳಿಗೆ ಹೆದರಬೇಡಿ. ಹೆಲ್ಡಾಳಿಗೆ ಒಬ್ಬ ತಂಗಿ ಇದ್ದಾಳೆಂಬುದು ನನಗೂ ಗೊತ್ತಾದದ್ದು ಐದನೇ ವಾರ. ಸಂತೆಯಲ್ಲಿ ಬಳೆ ಮಾರುವವಳ ದನಿಯಲ್ಲಿ ಡಿಎಂ "ಈ ಚಿಕ್ಕ ಜೋಡಿ ಯಾರಿಗಮ್ಮ?" ಎಂದು ಕೇಳಿದರು. ಯೋಚಿಸಲು ಹೊತ್ತಿರಲಿಲ್ಲ, "ನನ್ನ ತಂಗಿ ಓಡಾಳಿಗೆ" ಎಂದೆ. ಆ ಹೆಸರು ಈಗ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿದೆ, ಸಾಮಾನಿನ ಪಟ್ಟಿಯಲ್ಲಿ ಹಗ್ಗ, ಲಾಂದ್ರದ ಕೆಳಗೆ ಒಂದು ಜೊತೆ ಬಳೆಯೂ ಸೇರಿದೆ.